ಧಾರಾವಾಹಿಯ ಮುಕ್ತಾಯದಲ್ಲಿ ಸಂಗೀತ: ಅಮೆರಿಕದ ಮೂರು ನಿದರ್ಶನಗಳು

ರಂಗದ ಮೇಲಿನ ನಾಟಕ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ದೂರದರ್ಶನದ ಧಾರಾವಾಹಿ ವರ್ಷಗಟ್ಟಲೆ ಮನೆಯೊಳಗೆ ನಡೆಯುತ್ತದೆ. ಅದರ ಶೀರ್ಷಿಕೆ ಸಂಗೀತವು ನೋಡುಗರ ದಿನಚರಿಯ ಒಂದು ಭಾಗವೇ ಆಗಿಬಿಡುತ್ತದೆ. ಆದುದರಿಂದ ಇಂತಹ ಕಥನವನ್ನು ಮುಗಿಸುವಾಗ ಯಾವ ಸ್ವರ ಕೇಳಿಸಬೇಕು ಎಂಬುದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಯಕ್ಷಗಾನದಲ್ಲಿ ಆಟ ಮುಗಿದ ಮೇಲೆ ಮಂಗಳ ಹಾಡುವುದು ಸಂಪ್ರದಾಯ. ಎಂತಹ ಘೋರ ಪ್ರಸಂಗವನ್ನು ನೋಡಿದ್ದರೂ ಪ್ರೇಕ್ಷಕನು ಶಾಂತಚಿತ್ತನಾಗಿ ಮನೆಗೆ ಮರಳಬೇಕೆಂಬುದು ಅದರ ಆಶಯ. ಸಂಗೀತವು ಈ ಸಮಾಧಾನವನ್ನು ನೀಡಬೇಕೇ ಎಂಬ ಪ್ರಶ್ನೆಗೆ ಅಮೆರಿಕದ ಮೂರು ಧಾರಾವಾಹಿಗಳು ಮೂರು ಬಗೆಯ ಉತ್ತರ ನೀಡಿವೆ.

ಇವುಗಳಲ್ಲಿ ಮೊದಲನೆಯದು ‘ಮ್ಯಾಶ್’. ಕೊರಿಯಾ ಯುದ್ಧದ ಸೈನಿಕ ಆಸ್ಪತ್ರೆಯೊಂದರ ಕಥೆಯಾದ ಇದು 1972ರಿಂದ 1983ರವರೆಗೆ ಪ್ರಸಾರವಾಯಿತು. ಮೂರು ವರ್ಷಗಳ ಯುದ್ಧವನ್ನು ಹೇಳಲು ಹನ್ನೊಂದು ವರ್ಷ ಹಿಡಿಯಿತು. ಇದರ ಶೀರ್ಷಿಕೆ ಸಂಗೀತವು 1970ರ ಇದೇ ಹೆಸರಿನ ಚಲನಚಿತ್ರಕ್ಕಾಗಿ ಜಾನಿ ಮ್ಯಾಂಡೆಲ್ ರಚಿಸಿದ ಗೀತೆಯದು. ಆತ್ಮಹತ್ಯೆಯನ್ನು ಕುರಿತ ಅದರ ಸಾಹಿತ್ಯವನ್ನು ಬಿಟ್ಟು ಧಾರಾವಾಹಿಯು ಧಾಟಿಯನ್ನಷ್ಟೇ ಉಳಿಸಿಕೊಂಡಿತು.

1983ರ ಫೆಬ್ರವರಿ 28ರಂದು ಪ್ರಸಾರವಾದ ಕೊನೆಯ ಕಂತನ್ನು ಹತ್ತು ಕೋಟಿಗೂ ಹೆಚ್ಚು ಜನ ನೋಡಿದರು. ಅದರಲ್ಲಿ ವಿಂಚೆಸ್ಟರ್ ಎಂಬ ಸಂಗೀತಪ್ರಿಯ ಶಸ್ತ್ರವೈದ್ಯನಿಗೆ ಚೀನೀ ಸೈನಿಕರ ಸಣ್ಣ ಗುಂಪೊಂದು ಶರಣಾಗುತ್ತದೆ. ಅವರು ವಾದ್ಯಗಾರರೆಂದು ತಿಳಿದ ಆತ, ಕ್ಲಾರಿನೆಟ್ ಹಾಗೂ ನಾಲ್ಕು ತಂತಿವಾದ್ಯಗಳಿಗಾಗಿ ಮೊಜಾರ್ಟ್ 1789ರಲ್ಲಿ ರಚಿಸಿದ ಕೃತಿಯನ್ನು ಅವರಿಗೆ ಕಲಿಸುತ್ತಾನೆ. ಕೈದಿಗಳ ವಿನಿಮಯಕ್ಕೆಂದು ಹೊರಟಾಗ ಅವರು ಅದನ್ನೇ ನುಡಿಸುತ್ತ ಸಾಗುತ್ತಾರೆ. ಆದರೆ ದಾರಿಯಲ್ಲಿಯೇ ಹತರಾಗುತ್ತಾರೆ. ಸುದ್ದಿ ತಿಳಿದ ವಿಂಚೆಸ್ಟರ್ ಆ ಕೃತಿಯ ಧ್ವನಿಮುದ್ರಿಕೆಯನ್ನು ಹಾಕಿ, ಕೇಳಲಾರದೆ ಒಡೆದು ಹಾಕುತ್ತಾನೆ. ಯುದ್ಧದ ನಡುವೆ ಆತನಿಗೆ ಆಸರೆಯಾಗಿದ್ದ ಸಂಗೀತ ಮುಂದೆ ಸಾವಿನ ನೆನಪಾಗಿಯೇ ಉಳಿಯಬೇಕಾಯಿತು. ಯುದ್ಧ ನಿಂತರೂ ಅದು ಕಸಿದುಕೊಂಡದ್ದು ಮರಳಲಿಲ್ಲ ಎಂಬುದನ್ನು ಇಲ್ಲಿ ಸಾರುವುದು ಮಾತಲ್ಲ, ಮುರಿದ ಧ್ವನಿಮುದ್ರಿಕೆ.

ಎರಡನೆಯ ನಿದರ್ಶನ ‘ಸಿಕ್ಸ್ ಫೀಟ್ ಅಂಡರ್’ (2001–2005). ಶವಸಂಸ್ಕಾರವನ್ನೇ ವೃತ್ತಿಯಾಗಿಸಿಕೊಂಡ ಕುಟುಂಬವೊಂದರ ಕಥೆಯಿದು. ಕೊನೆಯ ಕಂತಿನಲ್ಲಿ ಕಿರಿಯ ಮಗಳು ಕ್ಲೇರ್ ಕಾರಿನಲ್ಲಿ ಮನೆ ಬಿಟ್ಟು ಹೊರಡುತ್ತಾಳೆ. ಸಿಯಾ ಎಂಬ ಗಾಯಕಿಯ ಹಾಡು ಕೇಳುತ್ತಿರುವಂತೆಯೇ ಪ್ರಧಾನ ಪಾತ್ರಗಳ ಸಾವುಗಳು ಒಂದಾದ ಮೇಲೊಂದು ಕಾಣಿಸುತ್ತವೆ. ಕಡೆಯದು 2085ರಲ್ಲಿ ಸ್ವತಃ ಕ್ಲೇರಳದು. ಹಲವು ದಶಕಗಳನ್ನು ಒಂದೇ ಹಾಡು ಪೋಣಿಸುವುದರಿಂದ ಸಾವು ಆಘಾತವಾಗಿ ತೋರದೆ ಬದುಕಿನ ನಡಿಗೆಯಾಗಿ ತೋರುತ್ತದೆ. ಮಂಗಳದ ಕಾರ್ಯಕ್ಕೆ ಇದು ತೀರ ಸಮೀಪವಾದುದು.

ಮೂರನೆಯದಾದ ‘ದಿ ಸೊಪ್ರಾನೋಸ್’ 1999ರಲ್ಲಿ ಆರಂಭವಾಗಿ 2007ರ ಜೂನ್ 10ರಂದು ಮುಗಿಯಿತು. ಪಾತಕಿ ತಂಡದ ನಾಯಕ ಟೋನಿ ಉಪಾಹಾರಗೃಹವೊಂದರಲ್ಲಿ ಕುಳಿತು, ಮೇಜಿನ ಮೇಲಿನ ಹಾಡುಪೆಟ್ಟಿಗೆಯಲ್ಲಿ ಜರ್ನಿ ತಂಡದ 1981ರ ಹಾಡೊಂದನ್ನು ಆರಿಸುತ್ತಾನೆ. ಹೆಂಡತಿ, ಮಗ ಬರುತ್ತಾರೆ. ಮಗಳು ಬಾಗಿಲ ಬಳಿ ತಲಪುವಷ್ಟರಲ್ಲಿ ಹಾಡು ನಡುವೆಯೇ ಕಡಿದು ತೆರೆ ಕಪ್ಪಾಗುತ್ತದೆ. ಕಂತಿನ ಕೊನೆಯಲ್ಲಿ ಹಾಡು ಕೇಳಿಸಿ ರೂಢಿಯಿದ್ದ ಧಾರಾವಾಹಿಯಲ್ಲಿ ಆ ದಿನ ಕಲಾವಿದರ ಹೆಸರುಗಳು ಮೌನದಲ್ಲಿ ಸಾಗಿದವು. ತಮ್ಮ ಮನೆಯ ಕೇಬಲ್ ಸಂಪರ್ಕವೇ ಕಡಿಯಿತೆಂದು ಹಲವರು ಭ್ರಮಿಸಿದರು. ಟೋನಿ ಸತ್ತನೇ, ಉಳಿದನೇ ಎಂಬ ಚರ್ಚೆ ಅನಂತರವೂ ನಿಲ್ಲಲಿಲ್ಲ.

ಮೊದಲನೆಯದರಲ್ಲಿ ಸಂಗೀತ ಭಗ್ನವಾಗುತ್ತದೆ, ಎರಡನೆಯದರಲ್ಲಿ ಪೂರ್ಣವಾಗುತ್ತದೆ, ಮೂರನೆಯದರಲ್ಲಿ ತಡೆಹಿಡಿಯಲ್ಪಡುತ್ತದೆ. ದೀರ್ಘಕಾಲದ ಒಡನಾಟ ಮುಗಿಯುವ ಗಳಿಗೆಯಲ್ಲಿ ನೋಡುಗನು ಸಮಾಧಾನವನ್ನು ನಿರೀಕ್ಷಿಸುವುದು ಸಹಜ. ಅದನ್ನು ಕೊಡುವ ಹಾಗೂ ಕೊಡದಿರುವ ಅಧಿಕಾರ ಈ ಮೂರರಲ್ಲಿಯೂ ಸಂಭಾಷಣೆಗಿಂತ ಹೆಚ್ಚಾಗಿ ಸಂಗೀತದ ಕೈಯಲ್ಲಿತ್ತು. ದೂರದರ್ಶನ ಕಥನದ ಚರಿತ್ರೆಯನ್ನು ಬರೆಯುವವರು ಕಣ್ಣಿಗೆ ಕಂಡದ್ದರಷ್ಟೇ ಕಿವಿಗೆ ಕೇಳಿದ್ದನ್ನೂ ಗಣನೆಗೆ ತಂದುಕೊಳ್ಳಬೇಕಾದುದು ಈ ಕಾರಣದಿಂದಲೇ.