ಚಕ್ಕಡಿ ಸಜ್ಜು: ಉಳವಿ ಯಾತ್ರೆ ಮತ್ತು ಓಟ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ, ಮಾಘ ಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ, ಗದಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಿಂದ ರೈತರು ಎತ್ತಿನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಈ ದೂರದ ಪಯಣಕ್ಕೂ ಅದೇ ಸೀಮೆಯ ಜಾತ್ರೆಗಳಲ್ಲಿ ನಡೆಯುವ ಖಾಲಿ ಚಕ್ಕಡಿ ಓಟಕ್ಕೂ ಹಳೆಯ ಬಂಡಿಯನ್ನು ಬಿಚ್ಚಿ, ರಿಪೇರಿ ಮಾಡಿ, ಹದಕ್ಕೆ ತರುವ ಕೆಲಸವನ್ನು ಇಲ್ಲಿ ಒಟ್ಟಾಗಿ ಚಕ್ಕಡಿ ಸಜ್ಜು ಎಂದು ಪರಿಗಣಿಸಲಾಗಿದೆ. ಬಣ್ಣ, ಗೊಂಡೆ, ಗೆಜ್ಜೆ, ಜೂಲಗಳ ಬಗ್ಗೆ ಪತ್ರಿಕೆಗಳು ಪ್ರತಿವರ್ಷ ಬರೆಯುತ್ತವೆ. ಬಂಡಿ ಊರಿಗೆ ಮರಳುವುದು ಮಾತ್ರ ಗಾಲಿ, ಅಚ್ಚು ಮತ್ತು ಎತ್ತಿನ ಹೆಗಲಿನ ಬಲದ ಮೇಲೆ.

ಹಿನ್ನೆಲೆ

ಚನ್ನಬಸವಣ್ಣ ಬಸವಣ್ಣನವರ ಸೋದರಳಿಯ, ಅಕ್ಕನಾಗಮ್ಮನ ಮಗ. 12ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದಲ್ಲಿ ಕ್ಷೋಭೆ ಎದ್ದ ಮೇಲೆ ಶರಣರ ಒಂದು ತಂಡ ಕಾದರೊಳ್ಳಿಯ ಮಾರ್ಗವಾಗಿ ಕಾಡು ಹೊಕ್ಕು ಉಳವಿ ಸೇರಿತೆಂದೂ ಚನ್ನಬಸವಣ್ಣ ಇಲ್ಲಿಯೇ ಐಕ್ಯನಾದನೆಂದೂ ಪರಂಪರೆ ಹೇಳುತ್ತದೆ. ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’ (1584) ಅವನ ಚರಿತ್ರೆಯನ್ನು ಕಾವ್ಯವಾಗಿಸಿತು. ಉಳವಿಯ ಸುತ್ತಲಿನ ಮಹಾಮನೆ ಗವಿ, ಆಕಳ ಗವಿ, ಅಕ್ಕನಾಗಮ್ಮನ ಗವಿ, ಹರಳಯ್ಯನ ಚಿಲುಮೆಗಳಿಗೆ ಈ ಕಥೆಯ ನಂಟಿದೆ. ಚಕ್ಕಡಿ ಯಾತ್ರೆಯನ್ನು ಅಂದಿನ ಶರಣರ ಪಯಣದ ಮರುನಡಿಗೆಯೆಂದು ಭಕ್ತರು ಕಾಣುವುದುಂಟು. ಕೃಷಿಯ ಲೆಕ್ಕದಲ್ಲಿ ನೋಡಿದರೆ ಹಿಂಗಾರಿನ ಕೆಲಸ ಹಗುರವಾಗಿ, ಹೊಸ ಕಣಿಕೆ ಕೈಗೆ ಬಂದು, ಎತ್ತುಗಳಿಗೆ ಬಿಡುವು ಸಿಗುವ ಕಾಲವೂ ಇದೇ. ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗಿನ ತಿಂಗಳು ಬಡಿಗನಿಗೂ ಕಮ್ಮಾರನಿಗೂ ಕೈತುಂಬ ಕೆಲಸದ ತಿಂಗಳು.

ಗಾಲಿ ಮತ್ತು ಹಳಿ

ಸಾಂಪ್ರದಾಯಿಕ ಗಾಲಿಗೆ ನಾಲ್ಕು ಭಾಗ: ನಡುವಿನ ಗುಂಬ, ಅದರಿಂದ ಹೊರಟ ಅರಗಳು, ಅರಗಳ ತುದಿಯನ್ನು ಹಿಡಿದ ಮರದ ಸುತ್ತು, ಸುತ್ತಿನ ಮೇಲೆ ಬಿಗಿದ ಕಬ್ಬಿಣದ ಹಳಿ. ಸುತ್ತು ಒಂದೇ ಮರದ್ದಲ್ಲ. ಬಾಗಿದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಒಂದೊಂದು ತುಂಡಿಗೆ ಸಾಮಾನ್ಯವಾಗಿ ಎರಡೆರಡು ಅರ ಕೂಡಿಸಿರುತ್ತಾರೆ. ಬಯಲುಸೀಮೆಯಲ್ಲಿ ಕರಿಜಾಲಿ ಗಾಲಿಯ ಮೆಚ್ಚಿನ ಮರ. ಪೆಟ್ಟು ತಡೆಯುತ್ತದೆ, ಬೇಗ ಸೀಳುವುದಿಲ್ಲ, ಹೊಲದ ಬದುವಿನಲ್ಲೇ ಸಿಗುತ್ತದೆ. ಮೈಕಟ್ಟಿಗೆ ತೇಗ, ಮತ್ತಿ ಬಳಸಿದ ಬಂಡಿಗಳೂ ಇವೆ. ಹಳಿಯಾಳ, ದಾಂಡೇಲಿಯ ಕಾಡು ಹತ್ತಿರವಿದ್ದ ಊರುಗಳಿಗೆ ಅದು ಕಷ್ಟದ ಮರವಾಗಿರಲಿಲ್ಲ.

ಗಾಲಿಯ ಇಡೀ ಬಿಗಿ ಹಳಿಯ ಮೇಲೆ ನಿಂತಿದೆ. ಅರಗಳಿಗೆ ಮೊಳೆಯಿಲ್ಲ, ಅಂಟಿಲ್ಲ. ಹಳಿ ಒಳಮುಖವಾಗಿ ಒತ್ತುವುದರಿಂದಲೇ ಎಲ್ಲ ಕೂಡಿ ನಿಲ್ಲುತ್ತದೆ. ಆದ್ದರಿಂದ ಹಳಿ ಗಾಲಿಗಿಂತ ಸ್ವಲ್ಪ ಚಿಕ್ಕದಿರಬೇಕು. ಎಷ್ಟು ಚಿಕ್ಕದು ಎಂಬುದರಲ್ಲಿಯೇ ಕಮ್ಮಾರನ ಜಾಣತನ. ಗಾಲಿಯ ಸುತ್ತಳತೆಯನ್ನು ದಾರದಿಂದಲೋ ಹಿಡಿಕೆಯ ಚಿಕ್ಕ ಚಕ್ರ ಉರುಳಿಸಿಯೋ ಅಳೆದು, ಹಳಿಯ ಒಳಮೈಯನ್ನೂ ಹಾಗೆಯೇ ಅಳೆಯುತ್ತಾರೆ. ವ್ಯತ್ಯಾಸವನ್ನು ಬೆರಳಗಲದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಅದಕ್ಕೆ ಕಾರಣವಿದೆ. ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಕಾವಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಗಾಲಿಯ ವ್ಯಾಸ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ಸುತ್ತಳತೆ 4.7 ಮೀಟರಿನಷ್ಟು, 500 ಡಿಗ್ರಿ ಕಾವೇರಿದಾಗ ಹಳಿ 28 ಮಿಲಿಮೀಟರ್ ಹಿಗ್ಗುತ್ತದೆ. ಹಳಿಯನ್ನು ಇದಕ್ಕಿಂತ ಚಿಕ್ಕದು ಮಾಡಿದರೆ ಗಾಲಿಗೆ ಏರುವುದೇ ಇಲ್ಲ. ಏರಿದರೂ ಬಿಗಿ ಮಿತಿಮೀರಿದ್ದರೆ ಆರಿದ ಮೇಲೆ ಅರಗಳು ಬಾಗುತ್ತವೆ, ಇಲ್ಲವೇ ಸುತ್ತಿನ ಕೂಡು ಒಡೆಯುತ್ತದೆ. ಸಡಿಲ ಬಿಟ್ಟರೆ ಕಲ್ಲುದಾರಿಯಲ್ಲಿ ಹಳಿ ಕಳಚುತ್ತದೆ.

ಹಳಿಯನ್ನು ನೆಲದ ಮೇಲೆ ಮಲಗಿಸಿ, ಸುತ್ತ ಕುಳ್ಳು ಪೇರಿಸಿ ಉರಿ ಹಾಕುತ್ತಾರೆ. ಕುಳ್ಳಿನ ಕಾವು ಹದವಾಗಿ, ಎಲ್ಲೆಡೆ ಸಮನಾಗಿ ಹರಡುತ್ತದೆ. ಸೌದೆಯ ಜ್ವಾಲೆ ಒಂದೇ ಮಗ್ಗುಲಿಗೆ ಬಡಿದರೆ ಹಳಿ ಸೊಟ್ಟಗಾಗುತ್ತದೆ. ಕೆಂಪೇರಿದ ಹಳಿಯನ್ನು ಮೂರು-ನಾಲ್ಕು ಮಂದಿ ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಇಳಿಸಿ, ಸುತ್ತಿಗೆಯಿಂದ ಕೂರಿಸಿ, ಮರ ಹೊತ್ತುವ ಮೊದಲೇ ನೀರು ಸುರಿಯುತ್ತಾರೆ. ಹಳಿ ಕುಗ್ಗುವಾಗ ಕೂಡುಗಳೆಲ್ಲ ಕಿರುಗುಟ್ಟುತ್ತ ಮುಚ್ಚಿಕೊಳ್ಳುತ್ತವೆ. ಆ ಸದ್ದು ಕೇಳಿಯೇ ಬಿಗಿಯನ್ನು ಅಂದಾಜು ಮಾಡುವ ಕಮ್ಮಾರರಿದ್ದಾರೆ.

ಉಳವಿಯ ಪಯಣಕ್ಕೆ ಹಳಿ ಬಿಗಿಸಲು ಇನ್ನೊಂದು ಕಾರಣ ಹವೆಯದು. ಚಳಿಗಾಲದ ಒಣಗಾಳಿಗೆ ಬಯಲುಸೀಮೆಯಲ್ಲಿ ಮರ ಕುಗ್ಗಿ ಹಳಿ ಸಡಿಲಾಗುತ್ತದೆ. ಗಾಲಿಯನ್ನು ರಾತ್ರಿಯಿಡೀ ಹಳ್ಳದ ನೀರಿನಲ್ಲಿ ನೆನೆಹಾಕುವುದು ಅಗ್ಗದ ಉಪಾಯ. ಆದರೆ ಆ ಬಿಗಿ ಮರ ಒಣಗುವವರೆಗೆ ಮಾತ್ರ, ಮತ್ತೆ ಮತ್ತೆ ನೆನೆದರೆ ಅರದ ಬುಡ ಮೆತ್ತಗಾಗುತ್ತದೆ. ನಾಲ್ಕು ಊರು ದಾಟಲು ಅದು ಸಾಕು, ಉಳವಿಗೆ ಸಾಲದು.

ಅಚ್ಚು, ಕೀಲೆಣ್ಣೆ, ತೂಕದ ಹದ

ಗುಂಬದೊಳಗೆ ಕಬ್ಬಿಣದ ಕೊಳವೆ, ಅದರೊಳಗೆ ಕಬ್ಬಿಣದ ಅಚ್ಚು, ಹೊರತುದಿಗೆ ಕಡಾಣಿ. ಕೊಳವೆ ಸವೆದರೆ ಗಾಲಿ ಅತ್ತಿತ್ತ ಓಲಾಡಿ ಅರಗಳಿಗೆ ಪೆಟ್ಟು ಬೀಳುತ್ತದೆ. ಕೀಲೆಣ್ಣೆ ಎಂದರೆ ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಜಿಡ್ಡು. ಈಗ ಅಂಗಡಿಯ ಗ್ರೀಸ್ ಅದರ ಜಾಗಕ್ಕೆ ಬಂದಿದೆ. ತೂಕದ ಹಂಚಿಕೆ ಇನ್ನೂ ಸೂಕ್ಷ್ಮ. ಮುಂಭಾರವಾದರೆ ನೊಗ ಹೆಗಲನ್ನು ತರೆಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಜತ್ತಿಗೆ ಕೊರಳನ್ನು ಬಿಗಿಯುತ್ತದೆ. ಮೇವಿನ ಹೊರೆ, ಬುತ್ತಿಯ ಗಂಟು, ಮಕ್ಕಳು-ಮುದುಕರು ಎಲ್ಲಿ ಕೂರಬೇಕೆಂಬುದನ್ನು ನಿರ್ಧರಿಸುವುದು ಈ ಲೆಕ್ಕವೇ.

ಓಟದ ಬಂಡಿ

ಖಾಲಿ ಚಕ್ಕಡಿ ಓಟದಲ್ಲಿ ಹಲವೆಡೆ ಗೊತ್ತಾದ ಸಮಯದಲ್ಲಿ, ಸಾಮಾನ್ಯವಾಗಿ ಒಂದು ನಿಮಿಷದಲ್ಲಿ, ಹೆಚ್ಚು ದೂರ ಓಡಿದ ಜೋಡಿ ಗೆಲ್ಲುತ್ತದೆ. ಬೆಳಗಾವಿ ಕಡೆ ಇಂಥ ಪಂದ್ಯಕ್ಕೆ ಶರ್ಯತ್ತು ಎನ್ನುತ್ತಾರೆ. ಇಲ್ಲಿ ಸಜ್ಜಿನ ದಿಕ್ಕೇ ಬದಲಾಗುತ್ತದೆ. ಚಾಪೆಯ ಕಮಾನು, ಪಕ್ಕದ ಹಲಗೆ, ಗೂಟ ಎಲ್ಲ ಹೊರಗೆ. ಹಳೆಯ ಸ್ಪೋರ್ಟ್ಸ್ ಕಾರನ್ನು ಹವ್ಯಾಸಿ ಪಂದ್ಯಕ್ಕೆ ಇಳಿಸುವವರೂ ಭಾರ ಕಳೆಯುವುದರಿಂದಲೇ ಆರಂಭಿಸುತ್ತಾರೆ. ಆದರೆ ಚಕ್ಕಡಿಯ ಮೈ ಹಗುರಾದಷ್ಟೂ ತಿರುವಿನಲ್ಲಿ ಒಂದು ಗಾಲಿ ನೆಲ ಬಿಡುವ ಅಪಾಯ ಹೆಚ್ಚು. ಉಳವಿ ಯಾತ್ರೆಗೂ ಓಟಕ್ಕೂ ಒಂದೇ ಬಂಡಿ ಎನ್ನುವವರು ಎರಡರಲ್ಲೂ ರಾಜಿಯಾಗಬೇಕಾಗುತ್ತದೆ. ಯಾತ್ರೆ ಮುಗಿಸಿ ಮರಳುವಾಗ ಊರು ಊರುಗಳ ಚಕ್ಕಡಿಗಳ ನಡುವೆ ಪೈಪೋಟಿ ಏಳುವುದುಂಟು. ಅದು ತೀರ್ಪುಗಾರರಿಲ್ಲದ ಓಟ.

ಎತ್ತುಗಳು

ವೇಗಕ್ಕೆ ಕಿಲಾರಿ ತಳಿ ಹೆಸರಾದದ್ದು: ಬೂದು-ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೋಡು, ಚುರುಕು ಸ್ವಭಾವ. ಎರೆಭೂಮಿಯ ಭಾರದ ಕೆಲಸಕ್ಕೆ ಬೆಳೆದ ಕೃಷ್ಣಾ ಕಣಿವೆ ತಳಿ ಎಳೆಯುವುದರಲ್ಲಿ ಗಟ್ಟಿ, ಓಟದಲ್ಲಿ ನಿಧಾನ. ಗೊರಸು ಸೀಳಿರುವುದರಿಂದ ಕುದುರೆಗಿಂತ ಭಿನ್ನವಾಗಿ ಒಂದು ಕಾಲಿಗೆ ಎರಡು ನಾಲು ಬೇಕು. ನಾಲ್ಕೂ ಕಾಲಿಗೆ ಬಡಿಸಿದರೆ ಜೋಡಿಗೆ ಹದಿನಾರು. ಡಾಂಬರು ರಸ್ತೆಯಲ್ಲಿ ಹೊಸ ನಾಲು ಜಾರುವುದರಿಂದ ಹೊರಡುವ ಕೆಲವು ದಿನ ಮೊದಲೇ ಬಡಿಸುವುದು ಜಾಣತನ. ಹುರುಳಿ, ಹತ್ತಿಕಾಳು, ಹಿಂಡಿ ಮೇವಿಗೆ ಸೇರುತ್ತವೆ.

ದಾರಿ

ಧಾರವಾಡದ ಕಡೆಯ ಬಂಡಿಗಳು ಹಳಿಯಾಳ, ದಾಂಡೇಲಿ, ಪೋಟೋಲಿ, ಗುಂದದ ಮೂಲಕ ಸಾಗುತ್ತವೆ. ದಾಂಡೇಲಿಯಿಂದಾಚೆ ಏರಿಳಿತ, ತಿರುವು, ದಟ್ಟ ಕಾಡು. ಇಳಿಜಾರಿನಲ್ಲಿ ಬಂಡಿ ಎತ್ತನ್ನು ತಳ್ಳದಂತೆ ಗಾಲಿಗೆ ಒತ್ತುವ ಮರದ ಬ್ರೇಕು ಅಗತ್ಯ. ಬಯಲಿನ ಬಂಡಿಯಲ್ಲಿ ಅದು ಇಲ್ಲದಿದ್ದರೆ ಹೊರಡುವ ಮೊದಲು ಕೂಡಿಸಬೇಕು. ಈ ಕಾಡು 2007ರಲ್ಲಿ ಘೋಷಿತವಾದ, 2015ರಿಂದ ಕಾಳಿ ಎಂದು ಕರೆಯಲಾಗುವ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹತ್ತಿಕೊಂಡಿದೆ.

ಕಾನೂನು

1965ರ ಭಾರ ಎಳೆಯುವ ಪ್ರಾಣಿಗಳ ನಿಯಮಗಳಂತೆ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಯಾತ್ರೆಯವರು ಬೆಳಗಿನ ಜಾವ ಹೊರಟು ನಡುಹಗಲು ನೆರಳಿನಲ್ಲಿ ಬಿಡುವ ರೂಢಿ ಈ ನಿಯಮಕ್ಕೆ ಹೊಂದುತ್ತದೆ. ಓಟದ ಕಥೆ ಬೇರೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಬಂಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ ಹಾಗೂ ಎತ್ತಿನ ಬಂಡಿ ಓಟಕ್ಕೆ ಷರತ್ತಿನ ಅವಕಾಶ ಕೊಟ್ಟಿತು. ಸಂವಿಧಾನ ಪೀಠ 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು.

ಇತ್ತೀಚಿನ ಬದಲಾವಣೆ

ರಬ್ಬರ್ ಟೈರಿನ ಡನ್ಲಪ್ ಬಂಡಿ, ಆಮೇಲೆ ಟ್ರ್ಯಾಕ್ಟರ್ ಬಂದು ಹಳಿಯ ಗಾಲಿ ನಿತ್ಯದ ದುಡಿಮೆಯಿಂದ ಹಿಂದೆ ಸರಿದಿದೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಪ್ರೊ. ಎನ್. ಎಸ್. ರಾಮಸ್ವಾಮಿ 1970ರ ದಶಕದಿಂದ ನೊಗ, ಗಾಲಿ, ಬೇರಿಂಗ್‌ಗಳ ಸುಧಾರಣೆಗೆ ವಾದಿಸುತ್ತ ಬಂದರು. ಅವರ ಗಮನವಿದ್ದದ್ದು ಸರಕು ಹೊರುವ ಬಂಡಿಯ ಮೇಲೆ. ಬಾಲ್ ಬೇರಿಂಗ್ ಅನ್ನು ಕೆಲವೆಡೆ ಓಟದವರೂ ತಮ್ಮ ಬಂಡಿಗೆ ಹಾಕಿಸಿಕೊಂಡಿದ್ದಾರೆ. ಯಾತ್ರೆಗೆಂದೇ ಹಳಿಯ ಚಕ್ಕಡಿ ಉಳಿಸಿಕೊಂಡ ಮನೆಗಳಿಗೆ ಈಗ ಬಂಡಿಗಿಂತ ಹಳಿ ಕೂರಿಸಬಲ್ಲ ಕಮ್ಮಾರನನ್ನು ಹುಡುಕುವುದೇ ಕಷ್ಟ.