ತಲೆ ಸುತ್ತುವುದೇಕೆ?

ಕೊಪ್ಪ ತಾಲ್ಲೂಕಿನ ಜಯಪುರದ ಒಂದು ಬದಿಗೆ ತುಂಗೆ, ಇನ್ನೊಂದು ಬದಿಗೆ ಭದ್ರೆ. ಇಂಥ ಹೊಳೆಸೀಮೆಯ ಮಕ್ಕಳಿಗೆ ಮುಳುಗು ಹಾಕುವ ಪಂದ್ಯ ಹೊಸದೇನಲ್ಲ. ಮುಳುಗುವ ಮುನ್ನ ರಭಸದಿಂದ ಹಲವು ಬಾರಿ ಉಸಿರಾಡಿದರೆ ಹೆಚ್ಚು ಹೊತ್ತು ನೀರಿನಲ್ಲಿರಬಹುದು ಎಂದು ಕೆಲವರು ಭಾವಿಸುತ್ತಾರೆ. ಇದು ಏಕೆ ಅಪಾಯ? ಉತ್ತರಕ್ಕೆ ತಲೆಸುತ್ತಿನ ಇತಿಹಾಸವನ್ನು ನೋಡಬೇಕು.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿಗೂ ಮೇಲೇರಿತು. ಇದನ್ನು ಆತ 1733ರಲ್ಲಿ ಪ್ರಕಟಿಸಿದ. ಮನುಷ್ಯರ ರಕ್ತದ ಒತ್ತಡವನ್ನು ಸುಲಭವಾಗಿ ಅಳೆಯಲು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳುಪಟ್ಟಿಯ ಉಪಕರಣ ರೂಪಿಸಿದ. 1905ರಲ್ಲಿ ರಷ್ಯದ ಕೊರೊಟ್ಕೊವ್ ಸ್ಟೆತಸ್ಕೋಪಿನಿಂದ ನಾಡಿಯ ಸದ್ದು ಆಲಿಸುವ ವಿಧಾನ ಸೇರಿಸಿದ.

ನೀವು ಎದ್ದು ನಿಂತಾಗ ಸುಮಾರು ಅರ್ಧ ಲೀಟರ್ ರಕ್ತ ಕಾಲು, ಹೊಟ್ಟೆಗಳತ್ತ ಇಳಿಯುತ್ತದೆ. ಕತ್ತಿನ ಅಪಧಮನಿಯಲ್ಲಿರುವ ಒತ್ತಡಗ್ರಾಹಕಗಳು ಇದನ್ನು ಗುರುತಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತನಾಳಗಳು ಸಂಕುಚಿಸುತ್ತವೆ. ಮಲಗಿದ್ದಾಗ ಮತ್ತು ನಿಂತೊಡನೆ ನಿಮ್ಮ ನಾಡಿಯನ್ನು ಎಣಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತಾಗ, ನೀರು ಕುಡಿಯದಿದ್ದಾಗ ಈ ಹೊಂದಾಣಿಕೆ ಸಾಲದೆ ಹೋಗಬಹುದು. ಕೆಲವೊಮ್ಮೆ ಹೃದಯದ ಬಡಿತ ನಿಧಾನವಾಗಿ, ರಕ್ತನಾಳಗಳು ಸಡಿಲಗೊಂಡು ಒತ್ತಡ ಥಟ್ಟನೆ ಕುಸಿಯುತ್ತದೆ. ಇದಕ್ಕೆ 1932ರಲ್ಲಿ ಥಾಮಸ್ ಲೂಯಿಸ್ ‘ವೇಸೋವೇಗಲ್’ ಎಂಬ ಹೆಸರಿಟ್ಟ. ಪ್ರಾರ್ಥನೆಯ ಸಾಲಿನಲ್ಲಿ ಬವಳಿ ಬಂದ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸಬಾರದು. ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಎತ್ತರಿಸಿದರೆ ಮಿದುಳಿಗೆ ರಕ್ತ ಸೇರುತ್ತದೆ.

ಎರಡನೆಯ ದಾರಿ ಉಸಿರಿನದು. ಉಸಿರಾಟವನ್ನು ಮುಖ್ಯವಾಗಿ ನಿಯಂತ್ರಿಸುವುದು ಕಾರ್ಬನ್ ಡೈಆಕ್ಸೈಡ್ ಎಂದು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲಿ ತೋರಿಸಿದರು. ರಭಸದಿಂದ ಉಸಿರಾಡಿದಾಗ ಈ ಅನಿಲ ಅತಿಯಾಗಿ ಹೊರಹೋಗುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಅಮೆರಿಕದ ಕೆಟಿ ಮತ್ತು ಶ್ಮಿಟ್ 1940ರ ದಶಕದಲ್ಲಿ ಅಳೆದಾಗ, ಮಿದುಳಿನ ರಕ್ತಪ್ರವಾಹ ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಗಾಬರಿಗೊಂಡು ಏದುಸಿರು ಬಿಡುವವರಿಗೆ ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು ಹೀಗೆಯೇ. ದಾರಿ ಎರಡಾದರೂ ಫಲ ಒಂದೇ: ಮಿದುಳಿಗೆ ರಕ್ತ ಸಾಲದು.

ಈಗ ಹೊಳೆಗೆ ಬರೋಣ. ಆರೋಗ್ಯವಂತರ ಅಪಧಮನಿಯ ರಕ್ತದಲ್ಲಿ ಆಕ್ಸಿಜನ್ ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ. ಜೋರು ಉಸಿರಿನಿಂದ ಗಳಿಸುವುದು ಅತ್ಯಲ್ಪ. ಆದರೆ ‘ಉಸಿರೆಳೆ’ ಎಂದು ಎಚ್ಚರಿಸುವ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿರುತ್ತದೆ. ಆ ಎಚ್ಚರಿಕೆ ಬರುವ ಮೊದಲೇ ಆಕ್ಸಿಜನ್ ಮುಗಿದು ಈಜುಗಾರ ನೀರಿನೊಳಗೇ ಪ್ರಜ್ಞೆ ತಪ್ಪುತ್ತಾನೆ. ಅಮೆರಿಕದ ಆಲ್ಬರ್ಟ್ ಕ್ರೇಗ್ 1961ರಲ್ಲೇ ಇದನ್ನು ವಿವರಿಸಿದ. ಈಜು ಬಲ್ಲವರೂ ಇದರಿಂದ ಪಾರಾಗಲಾರರು. ಬೇಸಿಗೆ ರಜೆಗೆ ಮುನ್ನ ನಿಮ್ಮ ತರಗತಿಯಲ್ಲಿ ಈ ಮಾತನ್ನು ತಪ್ಪದೆ ತಿಳಿಸಿ.