ಅಕ್ಕ ಎನ್ನುವ ಪಟ್ಟ

ಒಡಹುಟ್ಟಿದವಳ ಮಾತೆತ್ತಿದರೆ ಕನ್ನಡ ಮೊದಲು ಕೇಳುವುದು ಅವಳು ಹಿರಿಯಳೋ ಕಿರಿಯಳೋ ಎಂದು. ಹಿರಿಯಳಾದರೆ ಅಕ್ಕ, ಕಿರಿಯಳಾದರೆ ತಂಗಿ. ಇಬ್ಬರಿಗೂ ಹೊಂದುವ ಸೋದರಿ, ಸಹೋದರಿ ಸಂಸ್ಕೃತದಿಂದ ಬಂದವು. ಭಾಷಣಕ್ಕೂ ಬರವಣಿಗೆಗೂ ಸರಿಹೋದವೇ ಹೊರತು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಈ ಹಿರಿ-ಕಿರಿಯ ಲೆಕ್ಕ ಬರೀ ವಯಸ್ಸಿನದಲ್ಲ. ಅಕ್ಕನ ಮಗಳನ್ನು ಮನೆಗೆ ತಂದುಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಸಂಬಂಧ. ತಂಗಿಯ ಮಗಳನ್ನು ತರುವುದು ಮಾತ್ರ ಅನೇಕ ಸಮುದಾಯಗಳಲ್ಲಿ ಕೂಡದು. ಹಾಗಾಗಿ ಅಕ್ಕ ಯಾರು, ತಂಗಿ ಯಾರು ಎಂಬುದು ಮನೆಯಲ್ಲಿ ಎಲ್ಲರಿಗೂ ಖಚಿತವಾಗಿ ಗೊತ್ತಿರಲೇಬೇಕಿತ್ತು.

ತಂಗಿ ಹುಟ್ಟಿನಿಂದ ತಂಗಿ. ಅಕ್ಕ ಹಾಗಲ್ಲ. ಅಕ್ಕನ ಸ್ಥಾನವನ್ನು ಹುಟ್ಟು ಕೊಟ್ಟಷ್ಟೇ ಬೇರೆಯವರೂ ಕೊಡುತ್ತಾರೆ, ಕೊಡುತ್ತಲೇ ಬಂದಿದ್ದಾರೆ. ನನಗೆ ಈ ಪದದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇದೇ.

ತಮಿಳು, ತೆಲುಗಿನಲ್ಲೂ ಅಕ್ಕ ಅಕ್ಕನೇ. ಸಂಸ್ಕೃತದಲ್ಲಿ ಮಾತ್ರ 'ಅಕ್ಕಾ' ಎಂದರೆ ತಾಯಿ. ತಾಯಿಯನ್ನು ಕರೆಯುವಾಗ ಕೊನೆಯ ಸ್ವರ ಹ್ರಸ್ವವಾಗುತ್ತದೆ ಎನ್ನುವ ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳಲ್ಲಿ 'ಅಂಬ'ದ ಜೊತೆಗೆ 'ಅಕ್ಕ'ವೂ ಇದೆ. ಅದು ದ್ರಾವಿಡದಿಂದ ಅಲ್ಲಿಗೆ ಹೋದ ಪದ ಎನ್ನುವುದು ಹಲವು ವಿದ್ವಾಂಸರ ಮಾತು. ಹೋಗುವ ದಾರಿಯಲ್ಲಿ ಅಕ್ಕ ತಾಯಿಯಾದದ್ದರಲ್ಲಿ ಅಚ್ಚರಿಯೇನಿಲ್ಲ. ನಮ್ಮ ಕೂಡುಕುಟುಂಬಗಳಲ್ಲೇ ಚಿಕ್ಕಮ್ಮ, ಸೋದರಮಾವಂದಿರು ಕರೆಯುವುದನ್ನು ಕೇಳಿ ಕೇಳಿ ಹೆತ್ತ ತಾಯಿಯನ್ನೇ ಅಕ್ಕ ಎಂದು ಕರೆದು ಬೆಳೆದ ಮಕ್ಕಳು ಎಷ್ಟೋ ಮಂದಿ. ಅವರಿಗೆ 'ಅಮ್ಮ' ಎಂದರೆ ಅಜ್ಜಿ.

ಶಾಸನಗಳಲ್ಲಿ ಹುಡುಕಿದರೆ ಅಕ್ಕ ಗಟ್ಟಿಯಾಗಿ ನಿಂತಿದ್ದಾಳೆ. 11ನೇ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದ, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಚಾಲುಕ್ಯರ ರಾಜಪುತ್ರಿಯ ಹೆಸರೇ ಅಕ್ಕಾದೇವಿ. ಇಮ್ಮಡಿ ಜಯಸಿಂಹನ ಒಡಹುಟ್ಟು. ಶ್ರವಣಬೆಳಗೊಳದ ಊರೊಳಗೆ 1181ರಲ್ಲಿ ಕಟ್ಟಿಸಿದ ಬಸದಿಯೊಂದಿದೆ. ಕಟ್ಟಿಸಿದವಳು ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ. ಜನರ ಬಾಯಲ್ಲಿ ಅವಳ ಹೆಸರಿನ ಮೊದಲ ಭಾಗ ಸವೆದುಹೋಗಿ, ಬಸದಿ 'ಅಕ್ಕನ ಬಸದಿ' ಎಂದೇ ಉಳಿಯಿತು.

ಆದರೆ ಈ ಪದಕ್ಕೆ ಪೂರ್ತಿ ಎತ್ತರ ಸಿಕ್ಕಿದ್ದು 12ನೇ ಶತಮಾನದ ಕಲ್ಯಾಣದಲ್ಲಿ. ಬಸವಣ್ಣನವರ ಒಡಹುಟ್ಟಿದ ಅಕ್ಕ ನಾಗಮ್ಮ ಅಲ್ಲೇ ಇದ್ದಳು. ರಕ್ತಸಂಬಂಧದ ಅಕ್ಕ ಅವಳು. ಅಲ್ಲಿಗೆ ಉಡುತಡಿಯಿಂದ ಎಳೆವಯಸ್ಸಿನ ಮಹಾದೇವಿ ಬಂದಳು. ಗಂಡನ ಮನೆ, ಉಡುಗೆ, ಊರು ಎಲ್ಲವನ್ನೂ ಬಿಟ್ಟು ಬಂದ ಹೆಣ್ಣು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅವಳನ್ನು ನಿಲ್ಲಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ್ದನ್ನು, ಅವಳು ಹಿಂಜರಿಯದೆ ಉತ್ತರಿಸಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಆ ಸಭೆಯಲ್ಲಿ ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೇ ಹೆಚ್ಚು. ಅವರೆಲ್ಲರಿಗೂ ಅವಳು ಅಕ್ಕನಾದಳು. ದೇವಿ ಎಂದು ಕೈಮುಗಿದು ದೂರ ನಿಲ್ಲಿಸಬಹುದಿತ್ತು, ತಾಯಿ ಎಂದು ಗದ್ದುಗೆಗೆ ಏರಿಸಬಹುದಿತ್ತು. ಅಕ್ಕ ಎಂದಾಗ ಗೌರವವೂ ಸಂದಿತು, ಜೊತೆಯಲ್ಲಿ ಕೂತು ಮಾತಾಡುವ ಸಲಿಗೆಯೂ ಉಳಿಯಿತು. ಅವಳೂ ತನ್ನ ಕೆಲವು ವಚನಗಳಲ್ಲಿ ಕೇಳುವ ಹೆಣ್ಣನ್ನು ಅಕ್ಕಾ ಎಂದು ಕರೆಯುತ್ತಾಳೆ. ತನಗೆ ಸಂದದ್ದನ್ನು ತಾನೂ ಹಂಚಿದಳು. ಇಂದಿಗೂ 'ಅಕ್ಕನ ವಚನಗಳು' ಎಂದರೆ ಸಾಕು, ಯಾವ ಅಕ್ಕ ಎಂದು ಯಾರೂ ಕೇಳುವುದಿಲ್ಲ.

ಉತ್ತರ ಕನ್ನಡದ ಕಡೆ ಶಾಲೆಯ ಮಕ್ಕಳಿಗೆ ಶಿಕ್ಷಕಿ 'ಅಕ್ಕೋರು'. "ಅಕ್ಕೋರೇ, ಇವ ನನ್ನ ಸ್ಲೇಟು ಒಡೆದ" ಎಂದು ಮೂಗು ಸೋರುವ ಹುಡುಗ ದೂರು ಹೇಳುವಾಗ ಆ ಕರೆಯಲ್ಲಿ ಹೆದರಿಕೆಯೂ ಇದೆ, ಇವರು ನಮ್ಮವರು ಎಂಬ ನೆಚ್ಚಿಕೆಯೂ ಇದೆ. 'ಟೀಚರ್', 'ಮಿಸ್' ಬಂದು ಅಕ್ಕೋರನ್ನು ಒಂದೊಂದೇ ಊರಿನಿಂದ ಹಿಂದಕ್ಕೆ ಸರಿಸುತ್ತಿರುವುದು ನನಗೆ ನಿಜಕ್ಕೂ ನಷ್ಟವೆನಿಸುತ್ತದೆ. ಗಂಡನ ಮನೆಗೆ ಹೊಸದಾಗಿ ಬಂದ ಸೊಸೆಗೆ ಹಿರಿಯ ಓರಗಿತ್ತಿ ಅಕ್ಕ. ಹಿಂದೆಲ್ಲ ಸವತಿಯೂ ಹಿರಿಯ ಸವತಿಯನ್ನು ಅಕ್ಕ ಎಂದೇ ಕರೆಯಬೇಕಿತ್ತು. ಎಷ್ಟು ಸಂಕಟವನ್ನು ಆ ಎರಡಕ್ಷರ ಒಳಗೇ ನುಂಗಿಕೊಂಡಿತೋ. ಅಮೆರಿಕದ ಕನ್ನಡ ಕೂಟಗಳು 1998ರಲ್ಲಿ ಒಕ್ಕೂಟ ಕಟ್ಟಿಕೊಂಡಾಗ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ 'ಅಕ್ಕ' ಆಯಿತು. ಈಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ನಡೆಸುವ ಸರ್ಕಾರದ ಉಪಾಹಾರಗೃಹಗಳಿಗೆ 'ಅಕ್ಕ ಕೆಫೆ' ಎಂಬ ಹೆಸರು. ತಂಗಿ ಕೆಫೆ ಎಂದು ಯಾರಿಗೂ ತೋಚುವುದಿಲ್ಲ. ಊಟಕ್ಕೆ ಬಡಿಸುವವಳು ಅಕ್ಕನೇ ಎಂದು ಕನ್ನಡ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ.

ಸಂತೆಯಲ್ಲಿ ಸೊಪ್ಪಿನವಳು "ಏನ್ ಕೊಡ್ಲಿ ಅಕ್ಕಾ" ಎಂದು ತನ್ನ ಮಗಳ ವಯಸ್ಸಿನವಳನ್ನು ಕೇಳುತ್ತಾಳೆ. ಅದು ವ್ಯಾಪಾರದ ಮರ್ಯಾದೆ. ಆ ಹುಡುಗಿಯೂ "ಮೆಂತ್ಯ ಎಷ್ಟಕ್ಕಾ?" ಎನ್ನುವುದರಿಂದ ಲೆಕ್ಕ ಸರಿಹೋಗುತ್ತದೆ. ಲೆಕ್ಕ ಸರಿಹೋಗದಿರುವುದು ಮನೆಗೆಲಸದ ಜಾಗದಲ್ಲಿ. ಪಾತ್ರೆ ತೊಳೆಯಲು ಬರುವ ಐವತ್ತು ದಾಟಿದ ಹೆಂಗಸು ಮೂವತ್ತರ ಒಡತಿಯನ್ನು ಅಕ್ಕಾ ಎನ್ನುತ್ತಾಳೆ. ಒಡತಿ ಅವಳನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಾಳೆ. ಅದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಕಲ್ಯಾಣದಲ್ಲಿ ಚಿಕ್ಕವಳನ್ನು ಅಕ್ಕನ ಜಾಗಕ್ಕೆ ಏರಿಸಿದ್ದು ಅರಿವು. ಇಲ್ಲಿ ಏರಿಸುತ್ತಿರುವುದು ತಿಂಗಳ ಸಂಬಳ.

ಹಾಗೆ ನಡೆಯದ ಮನೆಗಳೂ ಇವೆ. "ಅಕ್ಕಾ, ನಾಳೆ ಬರಾಕಿಲ್ಲ, ಮೊಮ್ಮಗಳಿಗೆ ಜ್ವರ." "ಆಯ್ತು ಅಕ್ಕ, ಹುಷಾರಾದ ಮೇಲೆ ಬನ್ನಿ." ಇಬ್ಬರೂ ಒಬ್ಬರಿಗೊಬ್ಬರು ಅಕ್ಕ. ಮಾತು ಕಲಿಯುತ್ತಿರುವ ಕೂಸಿಗೆ, ಕೆಲಸಕ್ಕೆ ಬರುವವರನ್ನು ಏನೆಂದು ಕರೆಯಬೇಕೆಂದು ಆ ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.